ಬಾಂಡ್ ಫಂಡ್ ನಮ್ಮ ದುಡ್ಡನ್ನು ಯಾರಿಗೆ ಕೊಡುತ್ತದೆ? ಒಳಗಿನ ಕೆಲಸ, ಹಂತ ಹಂತವಾಗಿ

ಫೆಬ್ರವರಿಯಲ್ಲಿ ರೋಬಸ್ಟಾ ಕೊಯ್ಲು ನಡೆಯುತ್ತಿರುವಾಗಲೇ ಅರೇಬಿಕಾ ಮಾರಿದ ದುಡ್ಡು ನಮ್ಮ ಕಡೆ ಕೈಗೆ ಬರುತ್ತದೆ. ವರ್ಷಕ್ಕೆ ಒಂದೇ ಸಲ ಬರುವ ದುಡ್ಡು ಅದು. ಈ ಸಲ ಆಲ್ದೂರಿನಿಂದ ಚಿಕ್ಕಪ್ಪ ಮನೆಗೆ ಬಂದಾಗ ಅವರ ಕೈಯಲ್ಲಿ ಒಂದು ಕಾರ್ಪೊರೇಟ್ ಬಾಂಡ್ ಫಂಡಿನ, ಅಂದರೆ ಜನರ ದುಡ್ಡು ಸೇರಿಸಿ ಕಂಪನಿಗಳಿಗೆ ಸಾಲ ಕೊಡುವ ಫಂಡಿನ, ಹಾಳೆ ಇತ್ತು. ಚಿಕ್ಕಮಗಳೂರು ಪೇಟೆಯಲ್ಲಿ ಪರಿಚಯದವರೊಬ್ಬರು ಕೊಟ್ಟಿದ್ದರಂತೆ. ಕಾಫಿ ಲೋಟ ಕೆಳಗಿಟ್ಟು, "ಬ್ಯಾಂಕಿಗಿಂತ ಸ್ವಲ್ಪ ಜಾಸ್ತಿ ಬರುತ್ತೆ ಅಂತಾರೆ. ಆದ್ರೆ ನಮ್ಮ ದುಡ್ಡು ತಗೊಂಡು ಇವ್ರು ಯಾರಿಗೆ ಕೊಡ್ತಾರೆ ಮಾರಾಯ? ಅಷ್ಟು ಹೇಳು ಸಾಕು" ಎಂದರು.

ಹಾಳೆಯಲ್ಲಿದ್ದ ಬೇರೆ ಎಲ್ಲಕ್ಕಿಂತ ಇದೇ ಮುಖ್ಯ ಪ್ರಶ್ನೆ. ತೋಟ ನೋಡಿಕೊಳ್ಳಲು ಊರಿಗೆ ಬರುವ ಮೊದಲು ನಾನು 11 ವರ್ಷ ಮುಂಬೈಯಲ್ಲಿ ಒಂದು ಫಂಡ್ ಸಂಸ್ಥೆಯ ಬಾಂಡ್ ವಿಭಾಗದಲ್ಲಿದ್ದೆ. ಆ ಮಧ್ಯಾಹ್ನ ಕಣದ ಪಕ್ಕದ ಜಗಲಿಯಲ್ಲಿ ಕೂತು ಚಿಕ್ಕಪ್ಪನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ನೀವೇ 1,000 ಕೋಟಿ ರೂಪಾಯಿಯ ಒಂದು ಫಂಡ್ ನಡೆಸುತ್ತಿದ್ದೀರಿ ಅಂದುಕೊಂಡು ಓದಿ. ಆಗ ಬೇರೆಯವರು ನಡೆಸುವ ಫಂಡನ್ನು ಅಳೆಯುವುದು ಸುಲಭವಾಗುತ್ತದೆ.

ಶುರುವಿಗೆ ಮುಂಚೆ ಒಂದು ಲೆಕ್ಕ

ಷೇರು ಎರಡು ಪಟ್ಟಾಗಬಹುದು, ಹತ್ತು ಪಟ್ಟಾಗಬಹುದು. ಬಾಂಡ್ ಹಾಗಲ್ಲ. ಅದು ಸಾಲದ ಪತ್ರ. ಕಂಪನಿ 7.5% ಬಡ್ಡಿ ಕೊಡುತ್ತೇನೆ ಅಂದರೆ, ಎಷ್ಟೇ ಲಾಭ ಮಾಡಿದರೂ ಕೊಡುವುದು 7.5% ಮಾತ್ರ. ಮುಳುಗಿದರೆ ಅಸಲೇ ಹೋಗುತ್ತದೆ.

40 ಕಂಪನಿಗಳಿಗೆ ಸಮನಾಗಿ ಸಾಲ ಕೊಟ್ಟಿದ್ದೀರಿ ಅಂದುಕೊಳ್ಳಿ. ಒಂದೊಂದಕ್ಕೆ 2.5%. ಒಂದೇ ಒಂದು ಕಂಪನಿ ಪೂರ್ತಿ ಕೈಕೊಟ್ಟಿತು. ಇಡೀ ಫಂಡಿನ ಆ ವರ್ಷದ 7.5% ಆದಾಯದಲ್ಲಿ ಮೂರನೇ ಒಂದು ಪಾಲು ಹೋಯಿತು. ಉಳಿದ 39 ಕಂಪನಿಗಳು ಎಷ್ಟೇ ಚೆನ್ನಾಗಿ ನಡೆದರೂ ಆ ನಷ್ಟವನ್ನು ತುಂಬಿಕೊಡುವುದಿಲ್ಲ. ಅದಕ್ಕೇ ನಮ್ಮ ಕೆಲಸದ ಬಹುಪಾಲು "ಬೇಡ" ಅನ್ನುವುದೇ ಆಗಿತ್ತು. ಮುಂದಿನ ಎಲ್ಲ ಹಂತಗಳೂ ಬೇಡ ಅನ್ನುವ ಬೇರೆ ಬೇರೆ ದಾರಿಗಳು.

ಹಂತ 1: ಬೇಲಿ ಎಲ್ಲಿದೆ ಅಂತ ನೋಡಿ

ಫಂಡಿಗೆ ಮೊದಲ ಬೇಲಿ ಹಾಕುವುದು ಷೇರು, ಫಂಡ್ ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ. 2017ರಲ್ಲಿ ಅದು ಸಾಲಪತ್ರಗಳ ಫಂಡುಗಳನ್ನು 16 ಬಗೆಯಾಗಿ ವಿಂಗಡಿಸಿತು. ಕಾರ್ಪೊರೇಟ್ ಬಾಂಡ್ ಫಂಡ್ ಅಂತ ಹೆಸರಿಟ್ಟುಕೊಂಡರೆ ಕನಿಷ್ಠ 80% ದುಡ್ಡನ್ನು ಎಎ ಪ್ಲಸ್ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಕಂಪನಿ ಬಾಂಡುಗಳಲ್ಲಿ ಇಡಬೇಕು. ದರ್ಜೆ ಕೊಡುವುದು ಕ್ರಿಸಿಲ್, ಇಕ್ರಾ, ಕೇರ್, ಇಂಡಿಯಾ ರೇಟಿಂಗ್ಸ್‌ನಂಥ ಸಂಸ್ಥೆಗಳು. ಎಎಎ ಎಲ್ಲಕ್ಕಿಂತ ಮೇಲೆ. ಆಮೇಲೆ ಎಎ, ಎ, ಬಿಬಿಬಿ. ಬಿಬಿಬಿ ಮೈನಸ್‌ವರೆಗೆ ಬಂದರೆ ಅದು ಹೂಡಿಕೆ ದರ್ಜೆ. ಬಿಬಿ ಪ್ಲಸ್‌ಗೆ ಇಳಿದರೆ ಬೇಲಿಯಾಚೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಹೂಡಿಕೆ ದರ್ಜೆ" ಅನ್ನುವ ಹೆಸರೊಂದನ್ನೇ ನಂಬಿ ದುಡ್ಡು ಹಾಕಬೇಡಿ. ಕ್ರೆಡಿಟ್ ರಿಸ್ಕ್ ಫಂಡ್ ಅಂತ ಇನ್ನೊಂದು ಬಗೆ ಇದೆ. ಅದರಲ್ಲಿ ಕನಿಷ್ಠ 65% ದುಡ್ಡು ಎಎ ಮತ್ತು ಅದರ ಕೆಳಗಿನ ಕಂಪನಿ ಬಾಂಡುಗಳಲ್ಲಿರಬೇಕು. ಎಎ, ಎ ಎರಡೂ ಹೂಡಿಕೆ ದರ್ಜೆಯೊಳಗೇ ಬರುತ್ತವಲ್ವಾ? ಹೆಸರು ಒಂದೇ, ಅಪಾಯ ಬೇರೆ. ಒಂದೇ ಬೇಲಿಯೊಳಗೆ ಗಟ್ಟಿ ನೆಲವೂ ಇದೆ, ಜೌಗೂ ಇದೆ.

ಹಂತ 2: ರೇಟಿಂಗ್ ನೋಡಿ, ಆಮೇಲೆ ನೀವೇ ಬಗೆದು ನೋಡಿ

ನಮ್ಮೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಮಾರಲು ಹೋದರೆ ವ್ಯಾಪಾರಿ ನಮ್ಮ ಮಾತು ಕೇಳಿ ಬೆಲೆ ಕಟ್ಟುತ್ತಾನಾ? ಮೂಟೆಯಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಹಾಕಿ ಔಟ್‌ಟರ್ನ್ ನೋಡುತ್ತಾನೆ. 50 ಕೆ.ಜಿ. ಮೂಟೆಗೆ 26 ಕೆ.ಜಿ. ಬೀಜ ಬಂತೋ 28 ಬಂತೋ ಅಂತ ಕಣ್ಣಾರೆ ಕಾಣುತ್ತಾನೆ. ತೇವವನ್ನೂ ಅಳೆಯುತ್ತಾನೆ. ರೇಟಿಂಗ್ ಅಂದರೆ ಇನ್ನೊಬ್ಬರು ತೆಗೆದ ಔಟ್‌ಟರ್ನ್ ಚೀಟಿ. ಒಳ್ಳೆಯ ಫಂಡ್ ತಾನೇ ಇನ್ನೊಂದು ಸ್ಯಾಂಪಲ್ ತೆಗೆಯುತ್ತದೆ.

ಸ್ಯಾಂಪಲ್ ತೆಗೆಯುವುದು ಹೇಗೆ? ಕಾರ್ಖಾನೆ ನಡೆಸುವ ಕಂಪನಿಯಾದರೆ ಮೊದಲ ಪ್ರಶ್ನೆ, ಬಡ್ಡಿ ಕಟ್ಟಲು ಬೇಕಾದ ದುಡ್ಡಿನ ಎಷ್ಟು ಪಟ್ಟು ವ್ಯಾಪಾರದಿಂದ ಬರುತ್ತಿದೆ? ಪುಸ್ತಕದ ಲಾಭವಲ್ಲ, ಕೈಗೆ ಬರುವ ನಗದು. ಎರಡನೆಯದು, ಮುಂದಿನ ಎರಡು ವರ್ಷದಲ್ಲಿ ಯಾವ್ಯಾವ ಸಾಲ ತೀರಿಸಬೇಕು? ಹಳೆ ಸಾಲ ತೀರಿಸಲು ಹೊಸ ಸಾಲವನ್ನೇ ನಂಬಿಕೊಂಡಿದ್ದಾರಾ? ಮೂರನೆಯದು, ಮಾಲೀಕರು ತಮ್ಮ ಷೇರುಗಳನ್ನು ಒತ್ತೆ ಇಟ್ಟಿದ್ದಾರಾ? ಒತ್ತೆ ಜಾಸ್ತಿಯಾಗುತ್ತಾ ಹೋದರೆ ಮನೆಯೊಳಗೆ ಏನೋ ಬಿಗಿಯಾಗಿದೆ ಅಂತ ಅರ್ಥ.

ಸಾಲ ಕೊಡುವ ಕಂಪನಿಗಳನ್ನು, ಅಂದರೆ ಗೃಹ ಸಾಲ, ವಾಹನ ಸಾಲದವರನ್ನು, ಬೇರೆ ಥರ ನೋಡಬೇಕು. ಅಲ್ಲಿ ಮುಖ್ಯ ವಿಷಯ ಅವಧಿಯ ಹೊಂದಾಣಿಕೆ. 15 ವರ್ಷಕ್ಕೆ ಸಾಲ ಕೊಟ್ಟು, ಆ ದುಡ್ಡನ್ನು ಮೂರು ತಿಂಗಳ ಪತ್ರದಲ್ಲಿ ಎತ್ತಿದ್ದರೆ, ಒಂದು ದಿನ ಪೇಟೆ ಹೊಸ ದುಡ್ಡು ಕೊಡಲು ಹಿಂದೇಟು ಹಾಕಿದರೆ ಸಾಕು, ಒಳ್ಳೆಯ ಕಂಪನಿಯೂ ನಿಂತುಬಿಡುತ್ತದೆ.

2018ರಲ್ಲಿ ಆಗಿದ್ದು ಹೆಚ್ಚುಕಡಿಮೆ ಇದೇ. ಐಎಲ್ ಅಂಡ್ ಎಫ್ಎಸ್ ರಸ್ತೆ, ಸುರಂಗ, ವಿದ್ಯುತ್ ಯೋಜನೆಗಳಿಗೆ ದುಡ್ಡು ಹಾಕಿದ ದೊಡ್ಡ ಸಮೂಹ. ಯೋಜನೆಗಳಿಂದ ದುಡ್ಡು ಬರಲು ವರ್ಷಗಟ್ಟಲೆ ಬೇಕು. ಸಾಲ ಮಾತ್ರ ಬೇಗ ಬೇಗ ತೀರಿಸಬೇಕು. ಒಟ್ಟು ಸಾಲ ಸುಮಾರು 91,000 ಕೋಟಿ ರೂಪಾಯಿ. ಆ ಆಗಸ್ಟ್‌ ಶುರುವಿನಲ್ಲಿ ಎಎಎ ಇದ್ದ ದರ್ಜೆ ಸೆಪ್ಟೆಂಬರ್ ಹೊತ್ತಿಗೆ ಡಿಗೆ ಬಿತ್ತು. ಡಿ ಅಂದರೆ ಸಾಲ ಕಟ್ಟಲಿಲ್ಲ ಅಂತ. ಎಎಎಯಿಂದ ಡಿಗೆ ಕೆಲವೇ ವಾರ! ಚೀಟಿ ಮಾತ್ರ ನೋಡಿದವರಿಗೆ ಹೊರಬರಲು ಸಮಯವೇ ಸಿಗಲಿಲ್ಲ.

ಈ ಪರೀಕ್ಷೆ ಪಾಸಾದ ಕಂಪನಿಗಳು ಫಂಡಿನ ಒಪ್ಪಿಗೆ ಪಟ್ಟಿಗೆ ಹೋಗುತ್ತವೆ. ಹೆಸರಿನ ಮುಂದೆ ಎರಡು ಅಂಕಿ ಇರುತ್ತದೆ: ಎಷ್ಟು ಕೋಟಿವರೆಗೆ, ಎಷ್ಟು ವರ್ಷದವರೆಗೆ. "ಈ ಕಂಪನಿಗೆ 3 ವರ್ಷದವರೆಗೆ 40 ಕೋಟಿ" ಅಂತ ಬರೆದಿದ್ದರೆ, 5 ವರ್ಷದ ಬಾಂಡ್ ಎಷ್ಟೇ ಆಸೆ ಹುಟ್ಟಿಸಿದರೂ ಮುಟ್ಟುವಂತಿಲ್ಲ. ಪಟ್ಟಿ ಮಾಡುವವರೂ ಬಾಂಡ್ ಕೊಳ್ಳುವವರೂ ಬೇರೆ ಬೇರೆ ಇರುವುದು ಒಳ್ಳೆಯ ಸಂಸ್ಥೆಯ ಲಕ್ಷಣ.

ಹಂತ 3: ಕಂಪನಿ ಸರಿ, ಪತ್ರ ಯಾವುದು?

ಒಂದೇ ಕಂಪನಿ ನಾಲ್ಕಾರು ಬಗೆಯ ಪತ್ರ ಕೊಟ್ಟಿರುತ್ತದೆ. ಆಸ್ತಿ ಅಡವಿಟ್ಟದ್ದು, ಇಡದ್ದು. ಮುಳುಗಿದರೆ ಮೊದಲು ದುಡ್ಡು ಸಿಗುವಂಥದ್ದು, ಕೊನೆಗೆ ಸಿಗುವಂಥದ್ದು. ಕಂಪನಿ ಬೇಕೆಂದಾಗ ಬೇಗ ವಾಪಸ್ ಕೊಟ್ಟುಬಿಡಬಹುದಾದದ್ದು. ಷರತ್ತುಗಳ ಪುಸ್ತಕವನ್ನು ಪೂರ್ತಿ ಓದದೆ ಕೊಳ್ಳಬಾರದು.

ಮಾರ್ಚ್ 2020ರಲ್ಲಿ ಯೆಸ್ ಬ್ಯಾಂಕನ್ನು ಉಳಿಸುವಾಗ ಅದರ ಎಟಿ1 ಬಾಂಡುಗಳನ್ನು (ಬ್ಯಾಂಕ್ ಕಷ್ಟಕ್ಕೆ ಸಿಕ್ಕರೆ ನಷ್ಟ ಹೊರಬೇಕಾದ ಪತ್ರಗಳು), ಸುಮಾರು 8,415 ಕೋಟಿ ರೂಪಾಯಿಯಷ್ಟು, ಸೊನ್ನೆ ಮಾಡಲಾಯಿತು. ಬ್ಯಾಂಕ್ ಉಳಿಯಿತು. ಠೇವಣಿ ಇಟ್ಟವರ ದುಡ್ಡು ಉಳಿಯಿತು. ಈ ಪತ್ರ ಹಿಡಿದವರ ಕೈ ಬರಿದಾಯಿತು. ಇಂಥ ಸಂದರ್ಭದಲ್ಲಿ ಹೀಗೆ ಮಾಡಬಹುದು ಅಂತ ಪತ್ರದ ಷರತ್ತಿನಲ್ಲೇ ಇತ್ತು. ಮುಂದಿನ ವರ್ಷ ಸೆಬಿ ಇಂಥ ಪತ್ರಗಳಲ್ಲಿ ಫಂಡುಗಳು ಎಷ್ಟು ದುಡ್ಡು ಹಾಕಬಹುದು ಅನ್ನುವುದಕ್ಕೆ ಮಿತಿ ಹಾಕಿತು.

ಹಂತ 4: ಅಪಾಯಕ್ಕೆ ತಕ್ಕ ಬೆಲೆ ಸಿಗುತ್ತಿದೆಯೇ?

ಸರ್ಕಾರಿ ಬಾಂಡ್ ಅಳತೆಗೋಲು. ಅದರ ಮೇಲೆ ಕಂಪನಿ ಎಷ್ಟು ಜಾಸ್ತಿ ಕೊಡುತ್ತದೆ ಅನ್ನುವುದನ್ನು ಸ್ಪ್ರೆಡ್ ಅನ್ನುತ್ತಾರೆ. ಬೇಸಿಸ್ ಪಾಯಿಂಟ್‌ನಲ್ಲಿ ಎಣಿಸುತ್ತಾರೆ. 100 ಪಾಯಿಂಟ್ ಸೇರಿದರೆ 1%.

ಎಎಎ ಕಂಪನಿಯೊಂದು 7% ಕೊಡುತ್ತಿದೆ, ಇನ್ನೊಂದು ಎಎ ಪ್ಲಸ್ ಕಂಪನಿ 7.4% ಅನ್ನುತ್ತಿದೆ ಅಂತ ಇಟ್ಟುಕೊಳ್ಳಿ. 10 ಕೋಟಿಗೆ ವರ್ಷಕ್ಕೆ 4 ಲಕ್ಷ ಜಾಸ್ತಿ. ತಗೋಬೇಕಾ? ಕಂಪನಿ ಕೈಕೊಟ್ಟರೆ ರೂಪಾಯಿಗೆ 30 ಪೈಸೆ ವಾಪಸ್ ಬರಬಹುದು, 70 ಪೈಸೆ ಹೋಗುತ್ತದೆ ಅಂದುಕೊಳ್ಳೋಣ. 0.40ನ್ನು 70ರಿಂದ ಭಾಗಿಸಿದರೆ ಸುಮಾರು 0.57% ಬರುತ್ತದೆ. ಅಂದರೆ ಇಂಥ 175 ಕಂಪನಿಗಳಲ್ಲಿ ವರ್ಷಕ್ಕೆ ಒಂದು ಮುಳುಗಿದರೂ ಆ ಹೆಚ್ಚುವರಿ ಬಡ್ಡಿ ಪೂರ್ತಿ ಕರಗುತ್ತದೆ. ಎಎಎಯಲ್ಲಿ ಸಣ್ಣ ಅಪಾಯವೂ ಇಲ್ಲ ಅಂತ ಎಣಿಸಿದ ಲೆಕ್ಕ ಇದು. ಈ ಕಂಪನಿ ಅದಕ್ಕಿಂತ ಗಟ್ಟಿ ಅಂತ ನಿಮ್ಮ ಸ್ಯಾಂಪಲ್ ಹೇಳಿದರೆ ಕೊಳ್ಳಿ. ಅನುಮಾನ ಇದ್ದರೆ ಬಿಡಿ.

ಒಂದು ಅನುಭವ ಹೇಳಿಬಿಡುತ್ತೇನೆ. ಪೇಟೆ ಖುಷಿಯಲ್ಲಿರುವಾಗ ಸ್ಪ್ರೆಡ್ ತೀರಾ ಕಿರಿದಾಗುತ್ತದೆ. ಒಳ್ಳೆಯದಕ್ಕೂ ಅಷ್ಟಲ್ಲದ್ದಕ್ಕೂ ಬಡ್ಡಿಯಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಅಂಥ ಸಮಯದಲ್ಲಿ ಸುಮ್ನೆ ಎಎಎ ಮತ್ತು ಸರ್ಕಾರಿ ಬಾಂಡ್ ಹಿಡಿದು ಕೂರಲು ಗಟ್ಟಿ ಮನಸ್ಸು ಬೇಕು. ಪಕ್ಕದ ಫಂಡ್ ಅರ್ಧ ಪರ್ಸೆಂಟ್ ಜಾಸ್ತಿ ತೋರಿಸುತ್ತಿರುತ್ತದೆ, ಹೂಡಿಕೆದಾರರು ಕೇಳುತ್ತಿರುತ್ತಾರೆ. ಆಗಲೂ ಕೂತವರನ್ನು ನಾನು ತುಂಬಾ ಗೌರವಿಸುತ್ತೇನೆ.

ಹಂತ 5: ಬಡ್ಡಿ ದರ ಏರಿದರೆ ಎಷ್ಟು ಪೆಟ್ಟು?

ಚಿಕ್ಕಪ್ಪನಿಗೆ ಅರ್ಥ ಮಾಡಿಸಲು ಹೆಚ್ಚು ಹೊತ್ತು ಹಿಡಿದದ್ದು ಇದು. ಯಾರೂ ಕೈಕೊಡದಿದ್ದರೂ ಬಾಂಡ್ ಫಂಡಿನ ಬೆಲೆ ಇಳಿಯಬಹುದು. ನಿಮ್ಮ ಹತ್ತಿರ 7% ಬಡ್ಡಿಯ ಪತ್ರ ಇದೆ. ನಾಳೆ ಪೇಟೆಗೆ 8% ಬಡ್ಡಿಯ ಹೊಸ ಪತ್ರ ಬಂತು. ನಿಮ್ಮದಕ್ಕೆ ಯಾರು ಪೂರ್ತಿ 100 ರೂಪಾಯಿ ಕೊಡುತ್ತಾರೆ? ಇಳಿಸಿ ಕೇಳುತ್ತಾರೆ. ಫಂಡ್ ಪ್ರತಿದಿನ ತನ್ನ ಬಾಂಡುಗಳಿಗೆ ಪೇಟೆ ಬೆಲೆ ಕಟ್ಟಲೇಬೇಕು. ಹಾಗಾಗಿ ಎನ್ಎವಿ, ಅಂದರೆ ಫಂಡಿನ ಒಂದು ಯೂನಿಟ್ ಬೆಲೆ, ಇಳಿಯುತ್ತದೆ.

ಎಷ್ಟು ಇಳಿಯುತ್ತದೆ ಅಂತ ಹೇಳುವ ಅಳತೆ ಡ್ಯುರೇಷನ್. ಡ್ಯುರೇಷನ್ 3 ಇದ್ದರೆ, ದರ 1% ಏರಿದಾಗ ಬೆಲೆ ಸುಮಾರು 3% ಇಳಿಯುತ್ತದೆ. 7 ಇದ್ದರೆ ಸುಮಾರು 7%. ಮೇ 2022ರಿಂದ ಫೆಬ್ರವರಿ 2023ರೊಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರವನ್ನು 4%ರಿಂದ 6.5%ಗೆ ಏರಿಸಿತು. ಒಂದು ಪೈಸೆ ಸಾಲವೂ ಮುಳುಗದ ಫಂಡುಗಳಲ್ಲೂ ಆಗ ಆದಾಯ ಕುಗ್ಗಿತು.

ಫಂಡ್ ಮ್ಯಾನೇಜರ್ ಇದನ್ನು ಮೂರು ಥರ ನಿಭಾಯಿಸುತ್ತಾರೆ. ಒಂದು, 1, 2, 3, 4 ವರ್ಷ ಹೀಗೆ ಏಣಿಯಂತೆ ಬಾಂಡ್ ಇಟ್ಟು, ತೀರಿದ ದುಡ್ಡನ್ನು ಆಗಿನ ದರದಲ್ಲಿ ಮತ್ತೆ ಹಾಕುವುದು. ಎರಡು, ಗಿಡ್ಡ ಅವಧಿ ಮತ್ತು ಉದ್ದ ಅವಧಿ ಎರಡನ್ನೂ ಇಟ್ಟು ನಡುವನ್ನು ಬಿಡುವುದು. ಮೂರು, ಮೊದಲೇ ಗೊತ್ತುಮಾಡಿದ ಒಂದು ವರ್ಷದಲ್ಲಿ ತೀರುವ ಬಾಂಡುಗಳನ್ನೇ ಕೊಂಡು ಕೊನೆತನಕ ಇಟ್ಟುಕೊಳ್ಳುವುದು. ಇದಕ್ಕೆ ರೋಲ್ ಡೌನ್ ಅನ್ನುತ್ತಾರೆ. ವರ್ಷ ಕಳೆದಂತೆ ಡ್ಯುರೇಷನ್ ತಾನೇ ಕರಗುತ್ತದೆ. 2019ರ ಡಿಸೆಂಬರ್‌ನಲ್ಲಿ ಬಂದ ಭಾರತ್ ಬಾಂಡ್ ಇಟಿಎಫ್ (ಷೇರು ಪೇಟೆಯಲ್ಲಿ ಕೊಂಡು ಮಾರುವ ಫಂಡ್) ಈ ಥರದ್ದು. ಎಎಎ ದರ್ಜೆಯ ಸರ್ಕಾರಿ ಸಂಸ್ಥೆಗಳ ಬಾಂಡ್ ಹಿಡಿದು ಗೊತ್ತಾದ ವರ್ಷಕ್ಕೆ ಮುಗಿಯುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ದುಡ್ಡು ಇಂಥ ವರ್ಷಕ್ಕೆ ಬೇಕೇ ಬೇಕು ಅಂತ ಗೊತ್ತಿದ್ದರೆ ಮೂರನೆಯ ಬಗೆ ಸಮಾಧಾನ ಕೊಡುತ್ತದೆ. ಡ್ಯುರೇಷನ್ ಯಾವಾಗಲೂ ಒಂದೇ ಮಟ್ಟದಲ್ಲಿ ಇಡುವ ಫಂಡ್ ಆದರೆ, ಆ ಡ್ಯುರೇಷನ್‌ಗಿಂತ ಚೆನ್ನಾಗಿಯೇ ಜಾಸ್ತಿ ವರ್ಷ ದುಡ್ಡು ತೆಗೆಯದೆ ಇಡುವ ತಯಾರಿ ಇರಬೇಕು.

ಹಂತ 6: ಒಬ್ಬನ ಮೇಲೇ ಭಾರ ಹಾಕಬೇಡಿ

ಇಡೀ ಫಸಲನ್ನು ಒಬ್ಬನೇ ವ್ಯಾಪಾರಿಗೆ ಉದ್ರಿ ಕೊಟ್ಟು ಕೈ ಸುಟ್ಟುಕೊಂಡವರು ನಮ್ಮ ತಾಲೂಕಿನಲ್ಲಿ ಎಷ್ಟು ಜನ ಇಲ್ಲ? ಫಂಡಿಗೆ ಇದರ ಮಿತಿ ಕಾನೂನಿನಲ್ಲೇ ಇದೆ. ಎಎಎ ದರ್ಜೆಯ ಒಂದು ಕಂಪನಿಗೆ ಫಂಡಿನ 10%, ಎಎಗೆ 8%, ಎ ಮತ್ತು ಕೆಳಗಿನದಕ್ಕೆ 6%. ಟ್ರಸ್ಟಿಗಳು ಮತ್ತು ಆಡಳಿತ ಮಂಡಳಿ ಒಪ್ಪಿದರೆ ಇನ್ನೂ 2% ಸೇರಿಸಬಹುದು. ಒಂದೇ ವಲಯಕ್ಕೆ, ಒಂದೇ ಸಮೂಹಕ್ಕೆ ಕೂಡ ಮಿತಿ ಇದೆ. ಎಚ್ಚರದ ಫಂಡುಗಳು ಈ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಎಎ ಪ್ಲಸ್ ಕಂಪನಿಗೆ 2–3% ಕೊಟ್ಟು ನಿಲ್ಲಿಸುತ್ತವೆ.

ಸಮೂಹದ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಹೆಸರು ಬೇರೆ ಬೇರೆ, ಮಾಲೀಕರು ಒಬ್ಬರೇ. ಐದು ಕಂಪನಿ ಇದೆ ಅಂತ ಕಾಣುತ್ತದೆ, ಅಪಾಯ ಒಂದೇ.

ಹಂತ 7: ದುಡ್ಡು ವಾಪಸ್ ಕೇಳುವವರಿಗೆ ತಯಾರಾಗಿರಿ

ಹೂಡಿಕೆದಾರರು ಯಾವ ದಿನ ಬೇಕಾದರೂ ದುಡ್ಡು ವಾಪಸ್ ಕೇಳಬಹುದು. ಕಂಪನಿ ಬಾಂಡ್ ಮಾತ್ರ ಬೇಕೆಂದ ದಿನ ಮಾರಾಟವಾಗುವುದಿಲ್ಲ. ಎಷ್ಟೋ ಒಳ್ಳೆಯ ಬಾಂಡುಗಳೂ ವಾರಗಟ್ಟಲೆ ಕೈ ಬದಲಾಗುವುದಿಲ್ಲ. ಮಾರ್ಚ್ ಕೊನೆಯಲ್ಲಿ, ಮುಂಗಡ ತೆರಿಗೆ ಕಟ್ಟುವ ದಿನಗಳಲ್ಲಿ ದೊಡ್ಡ ಕಂಪನಿಗಳು ಒಟ್ಟಿಗೆ ದುಡ್ಡು ತೆಗೆಯುತ್ತವೆ. ಅದಕ್ಕೇ ಫೆಬ್ರವರಿ 2021ರಿಂದ ಇಂಥ ಫಂಡುಗಳು ಕನಿಷ್ಠ 10%ನ್ನು ನಗದು, ಸರ್ಕಾರಿ ಬಾಂಡ್, ಟ್ರೆಷರಿ ಬಿಲ್‌ಗಳಂಥ ಬೇಗ ಕೈಗೆ ಬರುವ ರೂಪದಲ್ಲಿ ಇಡಬೇಕು.

ಇಲ್ಲದಿದ್ದರೆ ಏನಾಗುತ್ತದೆ? ಮೊದಲು ಕೇಳಿದವರಿಗೆ ಕೊಡಲು ಒಳ್ಳೆಯ ಬಾಂಡ್ ಮಾರುತ್ತಾರೆ, ಯಾಕೆಂದರೆ ಮಾರಾಟವಾಗುವುದು ಅದೇ. ಉಳಿದವರ ಪಾಲಿಗೆ ಮಾರಾಟವಾಗದ ಪತ್ರ ಉಳಿಯುತ್ತದೆ. ಏಪ್ರಿಲ್ 2020ರಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಎಂಬ ಫಂಡ್ ಸಂಸ್ಥೆ ತನ್ನ ಆರು ಯೋಜನೆಗಳನ್ನು ಮುಚ್ಚಿದ್ದು ಈ ಒತ್ತಡದಲ್ಲೇ. ಅವುಗಳಲ್ಲಿ ಕೆಳದರ್ಜೆಯ ಬಾಂಡುಗಳು ಜಾಸ್ತಿ ಇದ್ದವು. ಜನರಿಗೆ ದುಡ್ಡು ಆಮೇಲೆ ಕಂತುಕಂತಾಗಿ ಬಂತು. ಆದರೆ ಬೇಕಾದ ದಿನ ಸಿಗಲಿಲ್ಲ.

ಹಂತ 8: ಬೋರರ್ ಕಂಡ ಗಿಡವನ್ನು ಬಿಡಬೇಡಿ

ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕದ (ಬೋರರ್ ಹುಳುವಿನ) ಭಯ ಹೇಳಬೇಕಾಗಿಲ್ಲ. ಕಾಂಡದ ಮೇಲೆ ಉಬ್ಬುಗೆರೆ ಕಂಡರೆ, ಎಲೆ ಹಳದಿಯಾದರೆ, ಆ ಗಿಡ ಇನ್ನೂ ಹಸಿರಿದ್ದರೂ ಕಿತ್ತು ಸುಡುತ್ತೇವೆ. ಹುಳು ಹಾರುವ ಕಾಲಕ್ಕೆ ಮುಂಚೆಯೇ ಆ ಕೆಲಸ ಮುಗಿಯಬೇಕು. ಬಾಂಡ್ ಮಾರುವುದೂ ಹೀಗೇ. ರೇಟಿಂಗ್ ಇಳಿಯುವ ತನಕ ಕಾದರೆ ತಡವಾಯಿತು.

ಉಬ್ಬುಗೆರೆಗಳು ಇವು: ಆಡಿಟರ್ ಅವಧಿಗೆ ಮುಂಚೆ ಬಿಟ್ಟುಹೋಗುವುದು. ಲೆಕ್ಕಪತ್ರ ತಡವಾಗುವುದು. ಅದೇ ದರ್ಜೆಯ ಬೇರೆ ಬಾಂಡುಗಳಿಗಿಂತ ಇದರ ಬಡ್ಡಿ ಸದ್ದಿಲ್ಲದೆ ಏರುವುದು. ಷೇರು ಬೆಲೆ ಕಾರಣವಿಲ್ಲದೆ ಕುಸಿಯುವುದು.

ನಾನಿದ್ದ ಕಡೆ ಒಮ್ಮೆ ಹೀಗಾಯಿತು. ಎಎ ದರ್ಜೆಯ ಒಂದು ಕಂಪನಿ. ಆಡಿಟರ್ ನಡುವೆಯೇ ರಾಜೀನಾಮೆ ಕೊಟ್ಟರು. ನಮ್ಮ ವಿಶ್ಲೇಷಕಿ ಅದೇ ಸಂಜೆ "ಮಾರಿಬಿಡಿ ಸರ್" ಎಂದರು. ಕೊಳ್ಳುವವರು 98 ರೂಪಾಯಿ ಕೊಡಲು ತಯಾರಿದ್ದರು. ಎರಡು ರೂಪಾಯಿ ನಷ್ಟ ಒಪ್ಪಿಕೊಳ್ಳಲು ನನಗೆ ಮನಸ್ಸಾಗಲಿಲ್ಲ, ಕಾಯೋಣ ಅಂದೆ. ಆರು ವಾರದ ಮೇಲೆ ದರ್ಜೆ ಇಳಿಯಿತು. 81ಕ್ಕೆ ಮಾರಿದೆವು. ಅದರಲ್ಲಿದ್ದದ್ದು ಬೇರೆಯವರ ನಿವೃತ್ತಿಯ ದುಡ್ಡು. ಆ ತಪ್ಪು ನನ್ನದು. ಅದನ್ನು ಇವತ್ತಿಗೂ ಮರೆತಿಲ್ಲ.

ಬಾಂಡ್ ಹೂಡಿಕೆ ದರ್ಜೆಗಿಂತ ಕೆಳಗೆ ಬಿದ್ದೇ ಬಿಟ್ಟರೆ? ಡಿಸೆಂಬರ್ 2018ರಿಂದ ಫಂಡಿಗೆ ಒಂದು ದಾರಿ ಇದೆ. ಕೆಟ್ಟ ಬಾಂಡನ್ನು ಬೇರೆ ಗಂಟು ಕಟ್ಟಿ ಇಡಬಹುದು. ಆ ದಿನ ಫಂಡಿನಲ್ಲಿದ್ದ ಎಲ್ಲರಿಗೂ ಆ ಗಂಟಿನಲ್ಲಿ ಪಾಲು. ಮುಂದೆ ಏನಾದರೂ ವಸೂಲಾದರೆ ಅವರಿಗೇ ಸೇರುತ್ತದೆ, ಮೊದಲು ಓಡಿಹೋದವರಿಗೂ ಹೊಸದಾಗಿ ಬಂದವರಿಗೂ ಅಲ್ಲ.

ಹಂತ 9: ಮನೆಯಲ್ಲೇ ಕೂತು ಪರೀಕ್ಷಿಸಿ

ಫಂಡುಗಳು 15 ದಿನಕ್ಕೊಮ್ಮೆ ತಮ್ಮ ಬಾಂಡುಗಳ ಪೂರ್ತಿ ಪಟ್ಟಿಯನ್ನು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು. ಅದನ್ನು ಇಳಿಸಿಕೊಳ್ಳಿ. ಕೆಳದರ್ಜೆಯ ಸಾಲುಗಳನ್ನು ಮೊದಲು ಓದಿ, ಎಎಎ ಸಾಲುಗಳನ್ನು ಆಮೇಲೆ. ತೊಂದರೆ ಬರುವುದು ಕೊನೆಯ ಸಾಲುಗಳಿಂದ.

ಆಮೇಲೆ ವೈಟಿಎಂ ನೋಡಿ. ಈಗಿರುವ ಬಾಂಡುಗಳನ್ನು ಕೊನೆತನಕ ಹಿಡಿದರೆ ಬರುವ ವಾರ್ಷಿಕ ಆದಾಯ ಅದು. ಅದರಲ್ಲಿ ಖರ್ಚಿನ ಅನುಪಾತ, ಅಂದರೆ ಫಂಡ್ ತನ್ನ ಖರ್ಚಿಗೆ ವರ್ಷಕ್ಕೆ ಹಿಡಿದುಕೊಳ್ಳುವ ಪಾಲು, ಕಳೆಯಿರಿ. ಬಾಂಡ್ ಫಂಡಿನಲ್ಲಿ ಅರ್ಧ ಪರ್ಸೆಂಟ್ ಖರ್ಚು ಅಂದರೆ ದೊಡ್ಡದು. ಏಜೆಂಟ್ ಇಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್‌ನಲ್ಲಿ ಖರ್ಚು ಕಡಿಮೆ. ಅದೇ ಬಗೆಯ ಬೇರೆ ಫಂಡುಗಳಿಗಿಂತ ವೈಟಿಎಂ ತೀರಾ ಜಾಸ್ತಿ ಇದ್ದರೆ ಖುಷಿಪಡಬೇಡಿ. ಯಾವ ಸಾಲಿನಿಂದ ಬಂತು ಅಂತ ಹುಡುಕಿ.

ಹಾಳೆಯಲ್ಲಿ ಒಂಬತ್ತು ಮನೆಯ ಒಂದು ಚೌಕ ಇರುತ್ತದೆ. ಎ, ಬಿ, ಸಿ ಸಾಲದ ಅಪಾಯ. ಒಂದು, ಎರಡು, ಮೂರು ಬಡ್ಡಿ ದರದ ಅಪಾಯ. ಇವತ್ತು ಫಂಡ್ ಎಲ್ಲಿದೆ ಅನ್ನುವುದಕ್ಕಿಂತ, ಅದು ಎಲ್ಲಿಯವರೆಗೆ ಹೋಗಲು ಅನುಮತಿ ಇಟ್ಟುಕೊಂಡಿದೆ ಅಂತ ಈ ಚೌಕ ಹೇಳುತ್ತದೆ.

ತೆರಿಗೆ ಚುಟುಕಾಗಿ: 1 ಏಪ್ರಿಲ್ 2023ರಿಂದ ಈಚೆಗೆ ಕೊಂಡ ಇಂಥ ಫಂಡಿನ ಲಾಭಕ್ಕೆ, ಎಷ್ಟು ವರ್ಷ ಇಟ್ಟರೂ, ನಿಮ್ಮ ಆದಾಯದ ಹಂತದ ದರವೇ. ಕಾಫಿ ಬೆಳೆಗಾರರು ಒಂದು ವಿಷಯ ನೆನಪಿಡಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ, ಬೇರೆ ಆದಾಯ ವಿನಾಯಿತಿ ಮಿತಿ ದಾಟಿದರೆ ದರ ಲೆಕ್ಕ ಹಾಕುವಾಗ ಕೃಷಿ ಆದಾಯವೂ ಸೇರುತ್ತದೆ. ನಿಮ್ಮ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಚಿಕ್ಕಪ್ಪ ಆ ದಿನ ದುಡ್ಡನ್ನು ಭಾಗ ಮಾಡಿದರು. ಮಳೆಗಾಲದ ಗೊಬ್ಬರ, ಕೂಲಿ, ಔಷಧಿಯ ದುಡ್ಡು ಬ್ಯಾಂಕಿನಲ್ಲೇ ಉಳಿಯಿತು. ಮೂರು ವರ್ಷದ ಮೇಲೆ ತಂಗಿಯ ಕಾಲೇಜಿಗೆ ಬೇಕಾದದ್ದು ಆ ವರ್ಷಕ್ಕೇ ಮುಗಿಯುವ ಎಎಎ ಫಂಡಿಗೆ ಹೋಯಿತು. ಅವಸರವಿಲ್ಲದ ಸಣ್ಣ ಪಾಲೊಂದನ್ನು ಮಾತ್ರ, ಪಟ್ಟಿ ಪೂರ್ತಿ ಓದಿದ ಮೇಲೆ, ಅವರು ತಂದಿದ್ದ ಹಾಳೆಯ ಫಂಡಿಗೆ ಹಾಕಿದೆವು.

ಮೊನ್ನೆ ಫೋನ್ ಮಾಡಿದ್ದರು. ಹೊಸ ಪಟ್ಟಿಯಲ್ಲಿ ಒಂದು ಹೆಸರು ಜಾಸ್ತಿಯಾಗಿದೆಯಂತೆ. ಎಎ ದರ್ಜೆ, 1.8%. "ಹೋದ ಸಲ ಇರ್ಲಿಲ್ಲ ಇದು. ಯಾವ ಕಂಪನಿ, ಯಾಕೆ ತಗೊಂಡ್ರು, ಸ್ವಲ್ಪ ನೋಡಿ ಹೇಳು" ಎಂದರು. ಅದರ ಮೂರು ವರ್ಷದ ಲೆಕ್ಕಪತ್ರ ಇಳಿಸಿಕೊಂಡಿದ್ದೇನೆ. ಇವತ್ತು ರಾತ್ರಿ ಓದಬೇಕು.